ಜನಿವಾರಕ್ಕೆ ಕಟ್ಟಿದ ಬೀಗದಕೈ

ನಮ್ಮ ದೊಡ್ಡಪ್ಪ ಡಾಕ್ಟರಲ್ಲ, ರಿಟೈರಾದ ಅಕೌಂಟ್ಸ್ ಆಫೀಸರು. ಆದರೂ ಜಯನಗರದ ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ನೋಯುತ್ತಿದೆ ಎಂದು ತೀರ್ಮಾನಿಸುತ್ತಿದ್ದವರು ಅವರೇ.

ತೊಂಬತ್ತರ ದಶಕದ ಕೊನೆ. ಅಮ್ಮನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಿದರೆ ಜೀವ ಹೋಗುವಂತೆ ನರಳುತ್ತಿದ್ದಳು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಒಬ್ಬರು ಆಗಷ್ಟೇ ನೋವಿಗೆಂದೇ ಬೇರೆ ವಿಭಾಗ ಶುರುಮಾಡಿದ್ದರು. ಮಾರ್ಫಿನ್ ಮಾತ್ರೆ ಕೊಟ್ಟು, "ಗಡಿಯಾರ ನೋಡ್ಕೊಂಡು ಕೊಡಿ. ನೋವು ಬರ್ಲಿ ಅಂತ ಕಾಯ್ಬೇಡಿ. ಇಂಥ ನೋವಿಗೆ ಕೊಟ್ರೆ ಚಟ ಆಗುತ್ತೆ ಅನ್ನೋದೆಲ್ಲ ಹಳೇ ಭಯ" ಎಂದರು. ನಮ್ಮ ರಸ್ತೆಯ ಫ್ಯಾಮಿಲಿ ಡಾಕ್ಟರೋ ಹೆಸರು ಕೇಳಿಯೇ ಹುಬ್ಬು ಗಂಟಿಕ್ಕಿದರು. "ಮಾರ್ಫಿನ್ನಾ? ಹುಷಾರು ಸಾರ್." ಡಾಕ್ಟರುಗಳಲ್ಲೇ ಒಮ್ಮತವಿರದ ಕಾಲ. ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು.

"ನಮ್ಮ ವಂಶದಲ್ಲಿ ಯಾರೂ ಅಮಲು ಪದಾರ್ಥ ಮುಟ್ಟಿಲ್ಲ" ಎಂದು ಮಾತ್ರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅಮ್ಮ ಕಿರುಚಿದ ಮೇಲೇ ಬೀರು ತೆಗೆಯುವುದು, ಅದೂ ಅರ್ಧ ಮಾತ್ರೆಗೆ. "ತಡೆಯಕ್ಕಾಗದೆ ಕೇಳಿದ್ಮೇಲೆ ಕೊಟ್ರೆ ಚಟ ಆಗಲ್ಲ" ಎನ್ನುವುದು ಅವರ ಸಂಶೋಧನೆ. ಥೂ, ಎಂಥ ಸಂಶೋಧನೆ! ಅಪ್ಪ ತುಟಿ ಬಿಚ್ಚಲಿಲ್ಲ. ಅಣ್ಣನ ಮುಂದೆ ಅವರು ಯಾವತ್ತೂ ತುಟಿ ಬಿಚ್ಚಿದವರಲ್ಲ.

ಈ ಮಹಾನುಭಾವರಿಗೋ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಫಿಲ್ಟರ್ ಕಾಫಿ ಬೇಕು. ಸ್ವಲ್ಪ ತಡವಾದರೂ ತಲೆ ಸಿಡಿಯುತ್ತಿತ್ತು. ಏಕಾದಶಿಗೆ ಕಟ್ಟುನಿಟ್ಟಿನ ಉಪವಾಸ, ಕಾಫಿ ಮಾತ್ರ ಲೆಕ್ಕಕ್ಕಿಲ್ಲ. ಅಂಥದ್ದೊಂದು ಏಕಾದಶಿಯಂದು ಅಮ್ಮ ಬೆಳಿಗ್ಗೆಯಿಂದ ಸೆರಗು ಕಚ್ಚಿಕೊಂಡು ಮಲಗಿದ್ದಳು. ಕಿರುಚಲು ತ್ರಾಣವಿರಲಿಲ್ಲ. ಕಿರುಚಲಿಲ್ಲ ಎಂದು ಮಾತ್ರೆಯೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಡಿಕಾಕ್ಷನ್ನು, ಕಾಫಿಪುಡಿ ಡಬ್ಬಿ ಎರಡನ್ನೂ ಅಡುಗೆಮನೆಯ ಕಪಾಟಿನಲ್ಲಿಟ್ಟು ಬೀಗ ಜಡಿದೆ.

ಮೂರು ದಾಟಿತು. ದೊಡ್ಡಪ್ಪ ಹಣೆ ಒತ್ತಿಕೊಳ್ಳುತ್ತ ಬಂದರು. "ಕಾಫಿ ಎಲ್ಲಿ ಮಗಳೇ?"

"ತಡೆಯಕ್ಕಾಗ್ದೆ ಕಿರುಚಿ ದೊಡ್ಡಪ್ಪ, ಅರ್ಧ ಲೋಟ ಕೊಡ್ತೀನಿ. ಚಟ ಆಗ್ಬಾರ್ದು ನೋಡಿ."

"ತಲೆಹರಟೆ ಮಾಡ್ತೀಯಾ? ತಲೆ ಒಡೆದುಹೋಗ್ತಿದೆ ಇಲ್ಲಿ!" ಎಂದು ಕಿರುಚಿಯೇಬಿಟ್ಟರು. ಇಡೀ ಮನೆಗೆ ಕೇಳಿಸಿತು. ನಾನು ಅವರ ಎದೆಯ ಮೇಲೆ ನೇತಾಡುತ್ತಿದ್ದ ಬೀಗದಕೈಯನ್ನು ತೋರಿಸಿದೆ. "ಅದನ್ನ ಬಿಚ್ಚಿ. ಇದನ್ನ ತೆಗೀತೀನಿ."

ಅವರು ಜನಿವಾರವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತರು.

ಆಗ ಒಳಕೋಣೆಯಿಂದ ಅಮ್ಮನ ದನಿ ಬಂತು. ಒಂದೊಂದು ಮಾತಿಗೂ ಉಸಿರು ಹುಡುಕಿಕೊಳ್ಳುತ್ತಿದ್ದಳು. "ಪಾಪ, ಭಾವನಿಗೆ ಕಾಫಿ ಕೊಡೇ. ನೋವು ಅಂದ್ರೆ ತಡ್ಕೊಳ್ಳೋಕಾಗಲ್ಲ ಕಣೇ."

ಕಪಾಟಿನ ಬೀಗ ತೆಗೆದೆ. ಅಮ್ಮ ಹೇಳಿದಳೆಂದು ಕಾಫಿ ಬೆರೆಸಿ ಮುಂದಿಟ್ಟೆ.

ದೊಡ್ಡಪ್ಪ ಬೀಗದಕೈ ಬಿಚ್ಚಿ ಕೊಟ್ಟರು. ಕಾಫಿ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡ ಮೇಲೆ.