ತೋಟಾ ತುಂಬುವ ಕೈ

ಇದು ಆಗದ ಮಾತು ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. "ತುಂಬೋ ಕೈ ಬೇರೆ, ಹೊಡೆಯೋ ಕೈ ಬೇರೆ. ನಮ್ದು ತುಂಬೋ ಕೈ. ಸುಮ್ನೆ ಹೋಗಿ ಓದ್ಕೋ."

ನನಗಾಗ ಹತ್ತು ವರ್ಷ. ಕಾಫಿ ಎಸ್ಟೇಟಿನ ಕೂಲಿಗಳ ಲೈನ್ ಮನೆಯ ಮುಂದೆ ಕೂತು ಅಪ್ಪ ಧಣಿಗಳ ಕೋವಿಗೆ ತೋಟಾ ತುಂಬುತ್ತಿದ್ದ. ಹಿತ್ತಾಳೆಯ ಖಾಲಿ ತೋಟಾ, ಕಿಡಿ ಹೊತ್ತಿಸುವ ಕೇಪು, ಮದ್ದು, ಚರೆ. ಮದ್ದು ಹಾಕದ ತೋಟಾ ಮೊರದಲ್ಲಿ ಬೋರಲು. ಮದ್ದು ಬಿದ್ದದ್ದು ಮಾತ್ರ ಬಾಯಿ ಮೇಲೆ. ಆ ಹೊತ್ತಿನಲ್ಲಿ ಅವನು ಬೀಡಿ ಮುಟ್ಟುತ್ತಿರಲಿಲ್ಲ, ಯಾರು ಕರೆದರೂ ಓಗೊಡುತ್ತಿರಲಿಲ್ಲ. ಮುಗಿದ ಮೇಲೆ ಬಟ್ಟೆಚೀಲಕ್ಕೆ ಹಾಕಿ ಬಂಗಲೆಗೆ ಕೊಟ್ಟು ಬರುತ್ತಿದ್ದ. ಸಂಜೆ ಹಂದಿ ಬೆದರಿಸಲು ಧಣಿಗಳ ಮಕ್ಕಳು ಹಾರಿಸಿದ ಸದ್ದು ಕೇಳಿದರೆ "ಅದು ನಂದು" ಎನ್ನುತ್ತಿದ್ದ. ಅವನು ತನ್ನ ಕೈಯಾರೆ ಒಂದನ್ನೂ ಹೊಡೆದವನಲ್ಲ. ನಾನು ಒಂದು ಹೊಡೆಯಬೇಕು ಎಂದದ್ದಕ್ಕೆ ಅತ್ತೆಯ ಬಾಯಿಂದ ಆ ಮಾತು ಬಂತು.

ಹೋಗಿ ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಬಕೆಟ್ ಹಿಡಿದು ಸಾಲಿನಲ್ಲಿ ನಿಂತೇ ಗಣಿತದ ಸೂತ್ರ ಬಾಯಿಪಾಠ ಮಾಡಿದವಳು. ಇಂಜಿನಿಯರಿಂಗ್ ಮುಗಿಸಿ, ಐರ್ಲೆಂಡಿನ ಡಬ್ಲಿನ್ನಿನಲ್ಲಿ ಮಾಸ್ಟರ್ಸ್ ಮಾಡಿ, ಪಕ್ಕದ ಲೀಕ್ಸ್‌ಲಿಪ್‌ನಲ್ಲಿ ಚಿಪ್ ತಯಾರಿಸುವ ಕಡೆ ಕೆಲಸಕ್ಕೆ ಸೇರಿದೆ. ಮೊದಲ ವಾರವೇ ಅವಳು ಸಿಕ್ಕಳು.

ಅವಳೂ ನನ್ನಂತೆ ಕೊಡಗಿನವಳು, ನನ್ನದೇ ವಯಸ್ಸು, ನನ್ನದೇ ಶಿಫ್ಟು. ನಮ್ಮ ಎಸ್ಟೇಟಿನವಳಲ್ಲ, ಆದರೆ ಅಂಥದ್ದೇ ಬಂಗಲೆಯವಳು. ಅವಳ ಅಜ್ಜಿಗೂ ಬಿ.ಎ. ಆಗಿತ್ತಂತೆ. ನನ್ನ ಡಿಗ್ರಿಯ ವಿಷಯ ಹೇಳಿದಾಗ ಇಲ್ಲಿಯವರ ಧಾಟಿಯಲ್ಲಿ "ಓ, ಗ್ರ್ಯಾಂಡ್" ಎಂದಳು, ಅಷ್ಟೇ. ತಪ್ಪೇನೂ ಅಲ್ಲ. ಆದರೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಅವತ್ತೇ.

ಕೊರೊನಾದ ಮೊದಲ ಬೇಸಿಗೆಯಲ್ಲಿ ಲಾಕ್‌ಡೌನ್ ಸ್ವಲ್ಪ ಸಡಿಲವಾದಾಗ ಅವಳೇ ಕರೆದಳು. "ಇಲ್ಲೇ ಕಿಲ್ಡೇರ್‌ನಲ್ಲಿ ಒಂದು ಶೂಟಿಂಗ್ ಕ್ಲಬ್ ಐತೆ ಕಣೇ. ಬಯಲಲ್ಲೇ ಆಟ, ಮಾಸ್ಕ್ ಹಾಕ್ಕೊಂಡ್ರೆ ಸಾಕು. ಬರ್ತೀಯಾ?" ಬರುತ್ತೇನೆ ಎಂದೆ. ಏಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕ್ಲಬ್ಬಿನಲ್ಲಿ ಕಲಿಸುತ್ತಿದ್ದವರು ಲಾರಿ ಓಡಿಸಿ ನಿವೃತ್ತರಾದ, ಎಪ್ಪತ್ತು ದಾಟಿದ ಐರಿಶ್ ಮುದುಕರು. ನಮ್ಮಿಬ್ಬರ ಮಾತಿನಲ್ಲಿ ಅವರು 'ಅಜ್ಜ'. ಅವರ ಬಳಿ ಹಳೆಯ ಪರವಾನಗಿಯ ಒಂದು ಮ್ಯಾಗ್ನಮ್ ರಿವಾಲ್ವರ್ ಇತ್ತು. ಹೊಸಬರಿಗೆ ಈಗ ಅಂಥದ್ದು ಸಿಗುವುದಿಲ್ಲ. ಅದರ ತೋಟಾ ಸಾಮಾನ್ಯದ್ದಕ್ಕಿಂತ ಉದ್ದ, ಮದ್ದು ಹೆಚ್ಚು, ಒದೆತ ಇನ್ನೂ ಹೆಚ್ಚು. ಮನೆಯಲ್ಲಿ ತೋಟಾ ತುಂಬಲು ಇಲ್ಲಿಯ ಕಾನೂನು ಬಿಡದು. ವಿಶೇಷ ಅನುಮತಿ ಪಡೆದ ಒಂದು ಕೊಠಡಿ ಕ್ಲಬ್ಬಿನಲ್ಲಿತ್ತು. ಹನ್ನೆರಡು ತೋಟಾ ಸರಿಯಾಗಿ ತುಂಬಿ, ತುಂಬಿದ್ದನ್ನು ಅಜ್ಜನ ಕಣ್ಣೆದುರು ತಾನೇ ಹೊಡೆದವರಿಗೆ ಅಲ್ಲಿ ಒಂದು ಸರ್ಟಿಫಿಕೇಟು. ಕೇಳಿದ ಕ್ಷಣವೇ ಅದು ನನಗೆ ಬೇಕು ಎನಿಸಿತು. ಡಿಗ್ರಿಗಿಂತ ಹೆಚ್ಚಾಗಿ ಬೇಕು ಎನಿಸಿತು ಎಂದರೆ ನಗಬೇಡಿ.

ಮೊದಲ ಸಲ ಹಾರಿಸಿದಾಗ ರಿವಾಲ್ವರ್ ನನ್ನ ಹಣೆಗೇ ಬಡಿಯುವಂತೆ ಎದ್ದಿತು. ಅಂಗೈ ಉರಿಯಿತು, ಮಣಿಕಟ್ಟು ಜುಮ್ಮೆಂದಿತು. ಎರಡನೆಯ ಸಲ ಒದೆತ ಬರುವ ಮೊದಲೇ ಹೆದರಿ ನಳಿಕೆಯನ್ನು ಕೆಳಗೆ ಒತ್ತಿದೆ. ಗುಂಡು ಗುರಿಹಲಗೆಗೆ ಬಹಳ ಮೊದಲೇ ಮಣ್ಣಿಗೆ ಬಿತ್ತು. ಅಜ್ಜ ಆಮೇಲೆ ನನಗೆ ತಿಳಿಯದಂತೆ ಒಂದೆರಡು ಖಾಲಿ ತೋಟಾ ಬೆರೆಸಿ ಕೊಟ್ಟರು. ಖಾಲಿಯ ಮೇಲೆ ರಿವಾಲ್ವರಿನ ಕುದುರೆ, ಆ ಪುಟ್ಟ ಸುತ್ತಿಗೆ, ಬಿದ್ದಾಗ ಸದ್ದಿಲ್ಲ, ಒದೆತವಿಲ್ಲ, ಆದರೂ ನನ್ನ ಕೈ ಕುಸಿಯಿತು. "ನೋಡಿದೆಯಾ? ಒದ್ದದ್ದು ಗನ್ ಅಲ್ಲ, ನೀನು" ಎಂದರು. "ಅದರ ಜೊತೆ ಜಗಳ ಆಡಬೇಡ. ಏಳಲಿ ಬಿಡು. ಆಮೇಲೆ ಮೆಲ್ಲಗೆ ಗುರಿಗೆ, ಅದರ ಮನೆಗೆ, ಕರೆದುಕೊಂಡು ಬಾ."

ಅವಳ ಕೈಗೂ ಖಾಲಿ ಕೊಟ್ಟರು. ಕೈ ಅಲುಗಲಿಲ್ಲ. ತುಂಬಿದ್ದು ಹಾರಿದಾಗ ಹಕ್ಕಿ ಹಾರಿಹೋದ ಕೊಂಬೆಯ ಹಾಗೆ ತೋಳು ಮೇಲೆದ್ದು ತಾನಾಗಿ ಇಳಿಯಿತು. "ಚಿಕ್ಕೋಳಿದ್ದಾಗ ತಾತನ ಕೋವಿ ಹಿಡ್ಕೊಂಡೇ ಬೆಳೆದಿದ್ದಲ್ವಾ" ಎಂದಳು, ಏನೋ ಸೈಕಲ್ ಕಲಿತದ್ದನ್ನು ಹೇಳುವಂತೆ. 

ಚಳಿಗಾಲದಲ್ಲಿ ಎಲ್ಲ ಮುಚ್ಚಿತು. ವಸಂತದಲ್ಲಿ ಕ್ಲಬ್ಬು ತೆರೆಯಿತು, ಆದರೆ ಯಾರೂ ಅವರವರ ಕೌಂಟಿ, ಅಂದರೆ ಜಿಲ್ಲೆ, ದಾಟುವಂತಿಲ್ಲ. ಅವಳ ಮನೆ ಲೀಕ್ಸ್‌ಲಿಪ್, ಅಂದರೆ ಕಿಲ್ಡೇರ್. ನಾನು ಇದ್ದದ್ದು ಲೂಕನ್, ಅಂದರೆ ಡಬ್ಲಿನ್. ನಡುವೆ ಕಾರಿನಲ್ಲಿ ಹತ್ತು ನಿಮಿಷ. ದಿನಾ ಕೆಲಸಕ್ಕೆ ಆ ಗಡಿ ದಾಟುತ್ತಿದ್ದೆ. ಪೊಲೀಸರು ಕಂಪನಿಯ ಪತ್ರ ನೋಡಿ ಕೈ ಬೀಸಿ ಬಿಡುತ್ತಿದ್ದರು. ದುಡಿಯಲು ದಾಟಬಹುದು, ಆಡಲು ದಾಟಬಾರದು. ಅಪ್ಪನಿಗೂ ಬಂಗಲೆಯ ಗೇಟು ಹೀಗೇ ಇತ್ತು.

ಅವಳು ವಾರವಾರ ಹೋದಳು, ವಿಡಿಯೋ ಕಳಿಸಿದಳು. ಪ್ರತಿಯೊಂದನ್ನೂ ಹತ್ತು ಸಲ ನೋಡಿದೆ. ಹೆಬ್ಬೆರಳು ಎಲ್ಲಿ, ಮೊಣಕೈ ಎಷ್ಟು ಬಗ್ಗಿದೆ, ಉಸಿರು ಯಾವಾಗ ಬಿಟ್ಟಳು. ಅಡುಗೆಮನೆಯಲ್ಲಿ ನೀರು ತುಂಬಿದ ಕುಕ್ಕರನ್ನು ತೋಳು ಚಾಚಿ ಹಿಡಿದು ನಿಲ್ಲುತ್ತಿದ್ದೆ. ಬಾಡಿಗೆಗೆ ಜೊತೆಗಿದ್ದ ಬ್ಯೂಮಾಂಟ್ ಆಸ್ಪತ್ರೆಯ ನರ್ಸ್ ಒಮ್ಮೆ "ಅಕ್ಕಾ, ಅದನ್ನ ಒಲೆ ಮೇಲೆ ಇಟ್ರೂ ಬೇಯುತ್ತೆ" ಎಂದಳು. ನಗು ಬರಲಿಲ್ಲ. ಆ ಬಂಗಲೆಯವಳಿಗೆ ಜ್ವರ ಬರಲಿ, ಕ್ಲಬ್ಬು ಮತ್ತೆ ಮುಚ್ಚಲಿ ಎಂದು ಬಯಸಿದ್ದೂ ಉಂಟು. ಜನ ನಿಜವಾಗಿಯೂ ಸಾಯುತ್ತಿದ್ದ ಕಾಲದಲ್ಲಿ ಹಾಗೆ ಬಯಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಯಸಿದ್ದು ಸುಳ್ಳಲ್ಲ.

ಗಡಿ ತೆರೆದ ಕೆಲವು ವಾರಕ್ಕೆ ಇಬ್ಬರಿಗೂ ಒಂದೇ ದಿನ ಪರೀಕ್ಷೆ ಬಂತು. ಕೊಠಡಿಯಲ್ಲಿ ಕಿಟಕಿ ತೆರೆದಿತ್ತು, ಮೇಜಿನ ನಡುವೆ ಹಳದಿ ಟೇಪು. ಈ ಬದಿಗೆ ನಾನು, ಆ ಬದಿಗೆ ಅವಳು, ಬಾಗಿಲ ಬಳಿ ಅಜ್ಜ. ಕೇಪು ಕೂರಿಸಿದ ತೋಟಾಗಳು ಇಬ್ಬರ ಮುಂದೂ ಬಟ್ಟಲಿನಲ್ಲಿ. ಇಲ್ಲಿಯ ಕ್ರಮವೂ ಅಪ್ಪನದೇ: ಮದ್ದು ತೂಗಿ ಸುರಿದ ತೋಟಾವನ್ನು ಮಾತ್ರ ಬಾಯಿ ಮೇಲಾಗಿ ಕುಳಿಗಳಿರುವ ಹಲಗೆಯಲ್ಲಿ ನಿಲ್ಲಿಸಬೇಕು, ಟಾರ್ಚ್ ಬಿಟ್ಟು ಒಳಗೆ ನೋಡಬೇಕು, ಆಮೇಲೆ ಗುಂಡು ಕೂರಿಸಬೇಕು.

ಅವಳು ಕೆಲಸ ಮಾಡುತ್ತಲೇ ತಾತನ ಕಥೆ ಹೇಳುತ್ತಿದ್ದಳು. ಅಜ್ಜ ನಗುತ್ತಿದ್ದರು. ನನ್ನ ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಕಣ್ಣು ಅವಳ ಕೈಯ ಮೇಲಿತ್ತು. ಅವಳ ಏಳನೆಯ ತೋಟಾ ಬಟ್ಟಲಿನಿಂದ ನೇರವಾಗಿ ಹಲಗೆಗೆ ಹೋಗಿ ಬಾಯಿ ಮೇಲಾಗಿ ನಿಂತಿತು. ತಕ್ಕಡಿಯ ಕಡೆ ಸುಳಿಯಲೇ ಇಲ್ಲ. ಟಾರ್ಚನ್ನೂ ಅವಳು ಮಾತಿನ ಭರದಲ್ಲಿ ಸುಮ್ಮನೆ ಆಡಿಸಿದಳು.

ಮದ್ದಿಲ್ಲದ ತೋಟಾ ಹೊಡೆದರೆ ಗುಂಡು ಕೇಪಿನ ಬಲಕ್ಕೇ ಸರಿದು ನಳಿಕೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಮತ್ತೊಂದು ಹೊಡೆದರೆ ರಿವಾಲ್ವರ್ ಕೈಯಲ್ಲೇ ಸಿಡಿಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಅಜ್ಜ ಹೇಗೂ ತೂಗಿ ನೋಡುತ್ತಾರೆ, ಅವಳು ಸಿಕ್ಕಿಬೀಳುತ್ತಾಳೆ, ನಾನೊಬ್ಬಳೇ ಪಾಸು. ಅವಳು ಮೂರು ಗುಂಡು ಕೂರಿಸುವಷ್ಟು ಹೊತ್ತು ಆ ಯೋಚನೆಯ ರುಚಿ ನೋಡಿದೆ. ಆಗ ನೆನಪಾಯಿತು, ಅಜ್ಜ ಎಲ್ಲವನ್ನೂ ತೂಗುವುದಿಲ್ಲ. ಹನ್ನೆರಡರಲ್ಲಿ ಮೂರನ್ನು ಮಾತ್ರ.

"ನಿಲ್ಸೇ. ಏಳನೇದಕ್ಕೆ ಮದ್ದಿಲ್ಲ."

"ಹಾಕಿದೀನಿ ಕಣೇ."

"ಹಾಕಿಲ್ಲ. ತೂಗಿಸು."

ಅಜ್ಜ ತೂಗಿದರು. ಹಗುರವಿತ್ತು. ಮಾಸ್ಕಿನ ಮೇಲೆ ಅವಳ ಕಣ್ಣು ಅಗಲವಾಯಿತು. ಟೇಪಿನವರೆಗೆ ಬಾಗಿ ಕನ್ನಡದಲ್ಲಿ, ನನಗಷ್ಟೇ ಕೇಳುವಂತೆ ಹೇಳಿದಳು: "ಬೆಳಗ್ಗಿಂದ ನನ್ ಕೈನೇ ನೋಡ್ತಿದ್ಯಲ್ವಾ? ನಿನ್ ಹೊಟ್ಟೆಕಿಚ್ಚಿಗೆ ಒಳ್ಳೆ ಕಣ್ಣು ಮಾರಾಯ್ತಿ. ಬದುಕಿಸ್ತು ನನ್ನ." ಅಂದರೆ ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಅಜ್ಜ ನನ್ನತ್ತ ತಿರುಗಿದರು. "ನಿನ್ನವು ಸರಿ ಇವೆಯಾ?"

ನನ್ನ ಹನ್ನೆರಡನ್ನು ನೋಡಿದೆ. ತುಂಬಿದ್ದೇನೋ ನಾನೇ, ಆದರೆ ಯಾವುದನ್ನೂ ನೋಡಿ ತುಂಬಿರಲಿಲ್ಲ. ಪರೀಕ್ಷೆಯಲ್ಲಿ "ಗೊತ್ತಿಲ್ಲ" ಎಂದು ಎಂದೂ ಹೇಳದವಳು ಅವತ್ತು ಹೇಳಿದೆ. "ಗೊತ್ತಿಲ್ಲ. ನಾನು ಇವಳ ಕಡೆ ನೋಡ್ತಿದ್ದೆ."

"ಹಾಗಾದರೆ ಎಲ್ಲವನ್ನೂ ಬಿಚ್ಚು."

ಬಿಚ್ಚಿದೆ. ಹನ್ನೆರಡರಲ್ಲೂ ಮದ್ದು ಸರಿಯಾಗಿತ್ತು. ಆದರೂ ಅಜ್ಜ ತಲೆಯಾಡಿಸಿದರು. "ಬಹುಶಃ ಅನ್ನುವುದನ್ನು ಈ ಬಾಗಿಲು ದಾಟಿಸುವ ಹಾಗಿಲ್ಲ. ಇಬ್ಬರೂ ಮುಂದಿನ ಶನಿವಾರ ಬನ್ನಿ."

ಆ ಶನಿವಾರ ಸ್ಟೂಲನ್ನು ಗೋಡೆಯತ್ತ ತಿರುಗಿಸಿ ಕೂತೆ. ಅವಳು ಕಥೆ ಹೇಳಲಿಲ್ಲ. ನಾನು ಅಪ್ಪನ ಹಾಗೆ ಬಾಯಿ ಮುಚ್ಚಿ, ಒಂದೊಂದನ್ನೂ ಬೋರಲಿಂದ ಎತ್ತಿ, ತೂಗಿ, ನೋಡಿ ತುಂಬಿದೆ. ಹೊರಗೆ ಗಾಳಿಯಿತ್ತು. ಮೊದಲನೆಯದನ್ನು ಹೊಡೆದಾಗ ಒದೆತ ಅಂಗೈ ಹೊಕ್ಕು ಮೊಣಕೈ ದಾಟಿ ಭುಜದವರೆಗೆ ಬಂತು. ತಡೆಯಲಿಲ್ಲ. ಏಳಲು ಬಿಟ್ಟೆ, ಇಳಿಯಲು ಬಿಟ್ಟೆ. ಸದ್ದು ಗುಡ್ಡಕ್ಕೆ ಬಡಿದು ಮರಳಿದಾಗ "ಅದು ನಂದು" ಎಂದು ಬಾಯಿಗೆ ಬಂದೇಬಿಟ್ಟಿತು.

ಹನ್ನೆರಡೂ ಗುರಿಯ ಕಾಗದಕ್ಕೇ ಬಿದ್ದಿದ್ದವು. ಅವಳ ತೂತುಗಳು ನನ್ನವಕ್ಕಿಂತ ಹತ್ತಿರ ಹತ್ತಿರ ಬಿದ್ದಿದ್ದವು. ಹೊಟ್ಟೆ ಉರಿಯಿತು. ಈಗ ನೆನೆದರೂ ಉರಿಯುತ್ತದೆ.

ಅಜ್ಜ ಎರಡು ಸರ್ಟಿಫಿಕೇಟನ್ನೂ ತಮ್ಮ ಕಾರಿನ ಬಾನೆಟ್ ಮೇಲಿಟ್ಟು, ಗಾಳಿಗೆ ಹಾರದಂತೆ ಖಾಲಿ ತೋಟಾ ಹೇರಿ, ನಿಯಮದ ಎರಡು ಮೀಟರ್ ಹಿಂದೆ ಸರಿದು ನಿಂತರು. "ತಗೊಳ್ಳಿ. ನಿಮ್ಮದು." ನನ್ನದನ್ನು ತೆಗೆದುಕೊಂಡು ಅಲ್ಲಿಂದಲೇ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಕಾಗದವನ್ನು ಓದಲಾಗದಿದ್ದರೂ ಬಹಳ ಹೊತ್ತು ನೋಡಿದ.

"ಹೊಡೆದ್ಯಾ ಮಗಳೇ?"

"ಹೊಡೆದೆ ಅಪ್ಪ."

"ಯಾರು ತುಂಬಿದ್ದು?"

"ನಾನೇ."

ಅವನ ಹಿಂದಿನಿಂದ ಸೋದರತ್ತೆ ಫೋನಿಗೆ ಮುಖ ತಂದಳು. ಹಲ್ಲು ಹೋಗಿತ್ತು, ದನಿ ಹೋಗಿರಲಿಲ್ಲ.

"ಇನ್ನೊಂದು ತುಂಬಿಡು ಕೂಸೇ. ಎಲ್ಲಾರಿಗೂ ತುಂಬಿ ಕೊಟ್ಟ ನಿನ್ನಪ್ಪ. ಅವನಿಗೆ ಯಾರೂ ಒಂದು ತುಂಬಿ ಕೊಡ್ಲಿಲ್ಲ."