ಶಶಿಧರ ಡಾಕ್ಟರ ಕೈಗುಣ

ನನ್ನ ಬಲಗೈ ಮಣಿಕಟ್ಟು ಸೊಟ್ಟಗಾಗಿದ್ದು ಶಶಿಧರ ಡಾಕ್ಟರಿಂದ ಅಲ್ಲ, ನನ್ನಿಂದ. ಹನ್ನೆರಡು ವರ್ಷ ಈ ಮಾತನ್ನು ಮುಚ್ಚಿಟ್ಟಿದ್ದೇನೆ. ಬರೀ ಮುಚ್ಚಿಟ್ಟಿದ್ದರೆ ಅದು ಒಂದು ಥರ — ಕೇಳಿದವರಿಗೆಲ್ಲ ಡಾಕ್ಟರದೇ ತಪ್ಪು ಅನ್ನಿಸುವ ಹಾಗೆ ತಲೆಯಾಡಿಸಿದ್ದೇನೆ, ನಿಟ್ಟುಸಿರು ಬಿಟ್ಟಿದ್ದೇನೆ, ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದೇನೆ. ನಮ್ಮ ಕಡೆಯ ಜನ ಮೂಳೆ ಮುರಿದರೆ ಚಳ್ಳಕೆರೆಯ ಅವರ ಬಾಗಿಲನ್ನು ದಾಟಿ ಮುಂದೆ ಹೋಗತೊಡಗಿದ್ದು ಆಮೇಲೆ.

ಈ ಪಾಪ ನನ್ನನ್ನು ಸುಟ್ಟುಹಾಕಿತು, ರಾತ್ರಿ ನಿದ್ದೆ ಕೆಡಿಸಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಸುಖವಾಗಿದ್ದೆ, ಈಗಲೂ ಇದ್ದೇನೆ. ತಳಕಿನ ಆಚೆ ನಮ್ಮೂರು. ಮನೆಯ ಪಡಸಾಲೆಯಲ್ಲೇ ಗುಂಡಿಮಗ್ಗ. ಬೆಳಿಗ್ಗೆ ಒಂದು ಮುದ್ದೆ ಉಂಡು ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ನನಗೆ ಬೇರೆ ಸ್ವರ್ಗ ಬೇಡ. ಹೆಂಡತಿ ಸಣ್ಣಮ್ಮ ಎದುರಿಗೆ ಕೂತು ಉಣ್ಣೆ ನೂಲುತ್ತಾಳೆ, ನೂಲುತ್ತಾ ನನ್ನನ್ನು ಆಡಿಕೊಳ್ಳುತ್ತಾಳೆ. ಸೊಟ್ಟಗಿದ್ದರೂ ಈ ಕೈ ಲಾಳಿ ಎಸೆಯುತ್ತದೆ, ಮುದ್ದೆ ಮುರಿಯುತ್ತದೆ, ಮೊಮ್ಮಗಳನ್ನು ಎತ್ತುತ್ತದೆ. ನಷ್ಟ ಆದದ್ದು ನನಗಲ್ಲ. ಅದಕ್ಕೇ ಇರಬೇಕು, ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಆದದ್ದು ಇಷ್ಟು. ನನ್ನ ತಂಗಿಯ ಮಗಳು ರತ್ನಳಿಗೆ ಮೊಳಕಾಲ್ಮೂರಿನ ಕಡೆ ಗಂಡು ಗೊತ್ತಾಗಿತ್ತು. ನಮ್ಮದು ಕುರಿ ಕಾಯ್ದುಕೊಂಡು ಬಂದ ಮನೆತನ. ನಮ್ಮಲ್ಲಿ ಮದುವೆಗೆ ಮೊದಲು ಹೊಸ ಕರಿ ಕಂಬಳಿ ಹಾಸಿ, ಅದರ ಮೇಲೆ ದೇವರನ್ನು ಕೂರಿಸಿ ಪೂಜೆ ಮಾಡುತ್ತೇವೆ. ಅದಕ್ಕೆ ಗದ್ದುಗೆ ಎನ್ನುತ್ತೇವೆ. ಹುಡುಗಿಯ ಸೋದರಮಾವನಿಗೆ ನೇಯಲು ಬಂದರೆ ಗದ್ದುಗೆಯ ಕಂಬಳಿ ಅವನೇ ನೇಯಬೇಕು, ಅದು ನಮ್ಮ ಮನೆಯ ಪದ್ಧತಿ. ನಾನು ಬಣ್ಣ ಹಾಕದ, ಹುಟ್ಟು ಕಪ್ಪಿನ ಉಣ್ಣೆ ಆರಿಸಿ, ಹಾಸಿನ ಉದ್ದನೆಯ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ ಮಗ್ಗಕ್ಕೆ ಏರಿಸಿದ್ದೆ. ಮಾರನೆಯ ದಿನ ಚಳ್ಳಕೆರೆಯಿಂದ ಮೊಪೆಡ್ಡಿನಲ್ಲಿ ಬರುವಾಗ ಟಗರೊಂದು ಅಡ್ಡ ಬಂತು. ಟಗರಿಗೆ ಏನೂ ಆಗಲಿಲ್ಲ. ನನ್ನ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು.

ಶಶಿಧರ ಡಾಕ್ಟರು ಆಗ ಚಳ್ಳಕೆರೆಯಲ್ಲಿ ಚಿಕ್ಕ ಕ್ಲಿನಿಕ್ ತೆರೆದು ಎರಡು ಮೂರು ವರ್ಷವಾಗಿತ್ತು. ಮಾತು ಕಡಿಮೆ. ನನ್ನ ಬೆರಳು ಹಿಡಿದು ಎಳೆದು, ಮೂಳೆ ಕೂರಿಸಿ, ಬಿಳಿ ಪಟ್ಟಿ ಸುತ್ತಿದರು — ನಮ್ಮ ಕಡೆ ಅದಕ್ಕೆ ಸಿಮೆಂಟ್ ಪಟ್ಟಿ ಅನ್ನುತ್ತಾರೆ. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಮೂಳೆ ನೆಟ್ಟಗೆ ಕೂತಿತ್ತು. ಅದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಆರು ವಾರ ಪಟ್ಟಿ ಬಿಚ್ಚುವ ಹಾಗಿಲ್ಲ, ಮಗ್ಗದ ಹತ್ತಿರ ಸುಳಿಯುವ ಹಾಗಿಲ್ಲ ಎಂದರು. ಆಗಲಿ ಎಂದು ತಲೆಯಾಡಿಸಿದೆ.

ಒಂದು ವಾರ ಸುಮ್ಮನಿದ್ದೆ. ಮಗ್ಗದ ಮೇಲೆ ಹಾಸು ಹಾಗೇ ನಿಂತಿತ್ತು. ಗಂಜಿ ಬಳಿದ ಹಾಸು ಎಂದರೆ ಇಲಿಗಳಿಗೆ ಹಬ್ಬದೂಟ. ಸಣ್ಣಮ್ಮ ದಿನಾ ಅವನ್ನು ಓಡಿಸುತ್ತಿದ್ದಳು. ಮದುವೆ ಹತ್ತಿರ ಬರುತ್ತಿತ್ತು. ದೊಡ್ಡಪ್ಪನ ಮಗ ತಿಪ್ಪೇಶ ಬಂದು, ತಾನು ನೇಯ್ದುಕೊಡುತ್ತೇನೆ, ನೀನು ಪಕ್ಕದಲ್ಲಿ ಕೂತಿರು ಸಾಕು, ಮಾವನ ಮಗ್ಗದಲ್ಲೇ ಆದ ಹಾಗಾಯಿತಲ್ಲ ಎಂದ. ಮನೆಯ ಹಿರಿಯರೂ ಅದಕ್ಕೆ ಒಪ್ಪಿದ್ದರು. ಅಂದರೆ ದಾರಿ ಇತ್ತು — ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ತಿಪ್ಪೇಶ ನನ್ನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತದ್ದನ್ನು ನೆನೆಸಿಕೊಂಡರೇ ನನಗೆ ತಡೆಯಲಾಗಲಿಲ್ಲ. ಅವನು ನೇಯ್ದ ಕಂಬಳಿಯ ಅಂಚು ಎಂದೂ ನೆಟ್ಟಗಿರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅವನ ಅಂಚು ಚೆನ್ನಾಗಿಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಲ್ಲಿ ಉದ್ದಕ್ಕೆ ಸೀಳಿದೆ. ಶೇಂಗಾ ಸಿಪ್ಪೆ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ಕೈ ಹೊರಗೆ ಬಂದು ಗಾಳಿ ಸೋಕಿದಾಗ ಆದ ಸುಖ ಅಷ್ಟಿಷ್ಟಲ್ಲ. ಸಣ್ಣಮ್ಮ ನೋಡಿ ಬೈದಳು, ಅತ್ತಳು, ಆಮೇಲೆ ಬಾಗಿಲು ಹಾಕಿದಳು. ಆವತ್ತಿನಿಂದ ಹಗಲು ಪಟ್ಟಿ ಬಿಚ್ಚಿಟ್ಟು ನೇಯುತ್ತಿದ್ದೆ, ಸಂಜೆ ಅದರೊಳಗೆ ಕೈ ಇಟ್ಟು ಬಟ್ಟೆ ಸುತ್ತುತ್ತಿದ್ದೆ. ನೋಯುತ್ತಿತ್ತು. ಲಾಳಿ ಎಸೆಯುವಾಗ ಒಳಗೆ ಏನೋ ಜರುಗಿದಂತೆ ಆಗುತ್ತಿತ್ತು — ಜರುಗಿದ್ದು ಏನು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಲ್ಲು ಕಚ್ಚಿ ಮುಂದಿನ ಎಳೆ ಎಸೆದೆ.

ಕಂಬಳಿ ಮುಗಿಯಿತು. ನಡುವೆ ಒಮ್ಮೆ ಡಾಕ್ಟರಿಗೆ ಕೈ ತೋರಿಸಬೇಕಾಗಿದ್ದ ದಿನ ಬಂತು. ಮಗ್ಗದವನಿಗೆ ಅಂಟು ಎಂದರೆ ಒಂದೇ. ಹುಣಸೆ ಬೀಜದ ಗಂಜಿ ಕುದಿಸಿಕೊಡು ಎಂದು ಸಣ್ಣಮ್ಮನನ್ನು ಗೋಗರೆದೆ. ಅವಳು ಒಲೆ ಹಚ್ಚಿ ಹೇಳಿದಳು: "ಕುದಿಸಿ ಕೊಡ್ತೀನಿ. ಪಾಪದಾಗೆ ಮಾತ್ರ ನಂಗೆ ಪಾಲು ಕೊಡಬ್ಯಾಡ." ಸೀಳಿದ ಎರಡೂ ಅಂಚು ಕೂಡಿಸಿ ಸೀಳಿನ ಮೇಲೆ ತೆಳು ಬಟ್ಟೆ ಇಟ್ಟು ಗಂಜಿ ಬಳಿದೆವು, ಒಣಗಿದ ಮೇಲೆ ಸುಣ್ಣ ಸವರಿದೆವು. ಕಂಬಳಿಗೇ ಬಿಗಿ ಕೊಡುವ ಗಂಜಿ, ಪಟ್ಟಿಗೆ ಕೊಡದೆ ಇರುತ್ತದೆಯೇ? ಡಾಕ್ಟರು ಬೆರಳಲ್ಲಿ ತಟ್ಟಿ ನೋಡಿ, ಗಟ್ಟಿಯಾಗಿದೆ, ಚೆನ್ನಾಗಿ ಜೋಪಾನ ಮಾಡಿದ್ದೀರಿ ಎಂದರು. ನಾನು ಒಳಗೊಳಗೇ ನಕ್ಕೆ. ಆ ನಗು ನೆನಪಾದರೆ ಈಗ ಮುಖ ಬಿಸಿಯಾಗುತ್ತದೆ.

ಮದುವೆ ಚೆನ್ನಾಗಿ ಆಯಿತು. ಬೀಗರು ಕಂಬಳಿ ಮುಟ್ಟಿ ನೋಡಿ ತೆಲುಗಿನಲ್ಲಿ "ಚಾಲಾ ಬಾಗುಂದಿ", ಬಹಳ ಚೆನ್ನಾಗಿದೆ ಎಂದರು. ಸಿಮೆಂಟ್ ಪಟ್ಟಿಯ ಕೈಯನ್ನು ಎದೆಗೆ ಕಟ್ಟಿಕೊಂಡು, ಕೈ ಮುರಿಯುವ ಮೊದಲೇ ನೇಯ್ದಿಟ್ಟಿದ್ದೆ ಎಂದು ಅವರಿಗೆ ಹೇಳಿದೆ. ತಿಪ್ಪೇಶನಿಗೆ, ಎಡಗೈಯಲ್ಲೇ ಮುಗಿಸಿದೆ ಎಂದು ಹೇಳಿದ್ದೆ. ಅವನು ಅದನ್ನು ನಂಬಿ ಊರಿಗೆಲ್ಲ ಹೊಗಳಿಕೊಂಡು ಬಂದ.

ಆರು ವಾರ ತುಂಬಿದ ಮೇಲೆ ಡಾಕ್ಟರು ಪಟ್ಟಿ ಕತ್ತರಿಸಲು ಕೂತರು. ಅಂಟಿಸಿದ ಗೆರೆ ಕಾಣಬಾರದೆಂದು ನಾನೇ ಕೈ ತಿರುಗಿಸಿ ಇನ್ನೊಂದು ಮಗ್ಗುಲು ಕೊಟ್ಟೆ. ಪಟ್ಟಿ ಬಿದ್ದಾಗ ಮಣಿಕಟ್ಟು ಡೊಂಕಾಗಿತ್ತು. ಅವರು ಮತ್ತೆ ಎಕ್ಸ್‌ರೇ ತೆಗೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತು ಹೇಳಿದರು:

"ನಾನು ಪಟ್ಟಿ ಸಡಿಲ ಕಟ್ಟಿರಬೇಕು. ಒಳಗೆ ಮೂಳೆ ಜರುಗಿಬಿಟ್ಟಿದೆ. ನನ್ನಿಂದ ತಪ್ಪಾಯ್ತು ಬೋರಯ್ಯನೋರೆ."

ಒಬ್ಬ ಡಾಕ್ಟರು ರೋಗಿಯ ಮುಂದೆ ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಆಪರೇಷನ್ ಮಾಡಿಸಿದರೆ ಸರಿಹೋಗಬಹುದು ಎಂದರು, ದಾವಣಗೆರೆಗೆ ತಾವೇ ಜೊತೆಗೆ ಬರುವುದಾಗಿಯೂ ಹೇಳಿದರು. ಆ ಕ್ಷಣ ನಾಲಿಗೆ ತುದಿಗೆ ಬಂದಿತ್ತು — ಇಲ್ಲ ಡಾಕ್ಟ್ರೇ, ನಿಮ್ಮಿಂದಲ್ಲ... ಬಂದದ್ದನ್ನು ನುಂಗಿದೆ. ಬೈಸಿಕೊಳ್ಳುವ ಬದಲು ಕ್ಷಮೆ ಕೇಳಿಸಿಕೊಳ್ಳುವುದು ಎಷ್ಟು ಹಾಯಾಗಿತ್ತು! ಇರಲಿ ಬಿಡಿ ಡಾಕ್ಟ್ರೇ, ಆಪರೇಷನ್ ಎಲ್ಲ ಬೇಡ ಎಂದು ದೊಡ್ಡವನ ಹಾಗೆ ಎದ್ದು ಬಂದೆ. ನಾನು ಅವರನ್ನು ಕ್ಷಮಿಸಿ ಬಂದೆ, ನೋಡಿ.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಮುಂದಿನ ಕುರಿ ಸಂತೆಯಲ್ಲಿ ತಿಪ್ಪೇಶ ನನ್ನ ಕೈ ನೋಡಿ ಹೌಹಾರಿದ. ಸುತ್ತ ನಾಲ್ಕಾರು ಜನ ಸೇರಿದರು. "ಲೇ ಬೋರ, ಏನ್ಲಾ ಇದು, ಡಾಕ್ಟ್ರು ಕೆಡಿಸಿಬಿಟ್ರಾ?" ಎಂದ. ನಾನು ಹೇಳಿದೆ: "ಏನ್ ಮಾಡೋಕಾಗ್ತೈತೆ. ಅವರ ಕೈಗುಣ ಅಷ್ಟೇ."

ನಮ್ಮ ಜನ ಡಾಕ್ಟರ ಓದು ಕೇಳುವುದಿಲ್ಲ, ಕೈಗುಣ ಕೇಳುತ್ತಾರೆ. ಕೈಗುಣ ಇಲ್ಲ ಎಂದ ಮೇಲೆ ಮುಗಿಯಿತು. ಆ ಒಂದು ಮಾತು ಸಂತೆಯಿಂದ ಕುರಿಗಳ ಜೊತೆ ಊರೂರಿಗೆ ಹೋಯಿತು. ಜ್ವರಕ್ಕೆ, ಕೆಮ್ಮಿಗೆ ಅವರ ಹತ್ತಿರ ಹೋಗುವವರು ಹೋಗುತ್ತಲೇ ಇದ್ದರು, ಮೂಳೆಗೆ ಮಾತ್ರ ಯಾರೂ ಹೋಗಲಿಲ್ಲ. ಕೈ ಮುರಿದವರು, ಕಾಲು ಮುರಿದವರು ಚಿತ್ರದುರ್ಗಕ್ಕೋ ಬಳ್ಳಾರಿಗೋ ಬಸ್ಸಿನ ಕುಲುಕಾಟದಲ್ಲಿ ನರಳುತ್ತಾ ಹೋದರು. ನಾನು ಅವರನ್ನು ಬಸ್ಸು ಹತ್ತಿಸಲೂ ಹೋಗಿದ್ದೇನೆ.

ಈ ಬೇಸಿಗೆಯಲ್ಲಿ ನನ್ನ ಸೊಸೆ ಪುಷ್ಪ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡಳು. ಅವಳ ತವರಿನವರು ಶಶಿಧರ ಡಾಕ್ಟರು ಬೇಡವೇ ಬೇಡ, ಮಾವನ ಕೈ ನೋಡಿಲ್ಲವೇ ಎಂದರು. ಆದರೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡ ನಾನು ಬೇರೆ ಯೋಚನೆಯನ್ನೇ ಮಾಡದೆ ಸೀದಾ ಅವರ ಬಾಗಿಲಿಗೆ ಹೋದೆ. ನನ್ನ ಮನೆಯವರ ನೋವು ಬಂದಾಗ ನನಗೆ ಗೊತ್ತಿತ್ತು, ಯಾರ ಕೈ ಒಳ್ಳೆಯದು ಎಂದು.

ಡಾಕ್ಟರ ತಲೆ ನರೆತಿತ್ತು. ನನ್ನನ್ನು ಗುರುತು ಹಿಡಿದು, ಪುಷ್ಪಳ ಕೈಗಿಂತ ಮೊದಲು ನನ್ನ ಕೈ ಚಳಿಗಾಲದಲ್ಲಿ ನೋಯುತ್ತದೆಯೇ ಎಂದು ವಿಚಾರಿಸಿದರು. ಪುಷ್ಪಳಿಗೆ ನೋವಿನ ಸೂಜಿ ಕೊಟ್ಟು, ಕೈಗೆ ಆಸರೆ ಕಟ್ಟಿ, ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ನೀವೇ ಕೂರಿಸಿ ಎಂದು ನಾನು ಬೇಡಿಕೊಂಡೆ. ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. "ನಿಮ್ಮ ಕೈ ಆದ ಮೇಲೆ ನಾನು ಮೂಳೆ ಮುಟ್ಟೋದನ್ನೇ ಬಿಟ್ಟೆ. ಧೈರ್ಯ ಬರಲಿಲ್ಲ."

ಜನ ಬಿಟ್ಟರು ಎಂದುಕೊಂಡಿದ್ದೆ. ಅವರೇ ಬಿಟ್ಟಿದ್ದರು. ನನ್ನ ಸುಳ್ಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಅವರೇ ಆಗಿದ್ದರು.

ಪುಷ್ಪಳ ಕೈ ಚಿತ್ರದುರ್ಗದಲ್ಲಿ ಸರಿಹೋಯಿತು, ಈಗ ರೊಟ್ಟಿ ತಟ್ಟುತ್ತಾಳೆ. ಮನೆಯಲ್ಲಿ ನಗುವಿಗೆ ಕೊರತೆಯಿಲ್ಲ. ನನಗೆ ಮಾತ್ರ ಮಗ್ಗದಲ್ಲಿ ಕೂತರೆ ಡಾಕ್ಟರು ಆವತ್ತು ತಲೆಯಾಡಿಸಿದ್ದೇ ಕಾಣುತ್ತಿತ್ತು. ಸಣ್ಣಮ್ಮ ಒಂದೆರಡು ದಿನ ನೋಡಿ, ಹೋಗಿ ಹೇಳಿ ಬಾ, ಕಂಬಳಿ ಮೇಲೆ ಕೂತ ದೇವರಿಗೂ ಗೊತ್ತಿರೋದೇ ಅದು ಎಂದಳು.

ಹೋದೆ. ಕೊನೆಯ ರೋಗಿ ಹೋಗುವ ತನಕ ಬೆಂಚಿನ ಮೇಲೆ ಕಾದು, ಕತ್ತರಿಯಿಂದ ಹಿಡಿದು ಸುಣ್ಣದ ತನಕ, ಸಂತೆಯ ಮಾತಿನ ತನಕ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು, ಡೊಂಕಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು.

"ಅಂದ್ರೆ ಪಟ್ಟಿ ಸಡಿಲ ಇರಲಿಲ್ಲ" ಎಂದರು. ಅದನ್ನೇ ಇನ್ನೊಮ್ಮೆ ಹೇಳಿದರು. ನನಗೆ ಹೇಳಿದ್ದಲ್ಲ. ಮುಖದಲ್ಲಿ ಒಂದು ಸಣ್ಣ ನೆಮ್ಮದಿ ಕಂಡಿತು, ಅದನ್ನು ನೋಡಿ ನನಗೂ ಸಮಾಧಾನವಾಯಿತು — ಆಗಬಾರದಿತ್ತು, ಆದರೂ ಆಯಿತು. ಆ ಧೈರ್ಯದಲ್ಲಿ, ಇನ್ನು ಮೇಲೆ ಮತ್ತೆ ಮೂಳೆ ಕೂರಿಸಬಹುದಲ್ಲ ಡಾಕ್ಟ್ರೇ, ಎಂದೆ. ನನ್ನ ತಪ್ಪು ಅಷ್ಟಕ್ಕೇ ತೊಳೆದುಹೋಗುತ್ತದೆ ಎಂದುಕೊಂಡಿದ್ದೆನೋ ಏನೋ.

ಅವರು ನನ್ನ ಕೈ ಬಿಟ್ಟರು. ಸಿಟ್ಟಿಲ್ಲದೆ ಕೇಳಿದರು: "ಹನ್ನೆರಡು ವರ್ಷ ಮಗ್ಗ ಬಿಟ್ಟಿದ್ರೆ, ನೀವು ಈಗ ನೇಯ್ತಿದ್ರಾ?"

ನೇಯಲು ಆಗುತ್ತಿರಲಿಲ್ಲ. ನನಗೆ ಗೊತ್ತು. ತಿಂಗಳೊಪ್ಪತ್ತು ಬಿಟ್ಟರೇ ಕೈ ಲಾಳಿಯ ತೂಕ ಮರೆಯುತ್ತದೆ. ಆ ಆರು ವಾರ ನನ್ನ ಕೆಲಸ ಬಿಟ್ಟಿರಲಾರದೆ ನಾನು ಮುರಿದ ಕೈಯನ್ನೇ ಹೊರಗೆ ಎಳೆದವನು. ಅವರಿಂದ ಅವರ ಕೆಲಸವನ್ನು ಇಷ್ಟು ವರ್ಷ ಬಿಡಿಸಿದ್ದೆ, ಬಿಡಿಸಿ ನನ್ನ ಮಗ್ಗದಲ್ಲಿ ಸುಖವಾಗಿ ಕೂತಿದ್ದೆ.

ಇಲ್ಲ ಡಾಕ್ಟ್ರೇ, ಆಗುತ್ತಿರಲಿಲ್ಲ ಎಂದೆ.