ಭಂಡಾರ ಎತ್ತಿದ ರುದ್ರವ್ವ

ರುದ್ರವ್ವನ ಹೆಸರನ್ನು ನಾನು ಮೊದಲು ಕೇಳಿದ್ದು ಪೊಲೀಸನ ಬಾಯಿಂದ. ಕಾರ್ಗಿಲ್ ಯುದ್ಧವಾದ ಮರುವರ್ಷ. ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಯಜಮಾನರು ತೀರಿಕೊಂಡ ಮೇಲೆ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದೆ. ಅಂದು ಕೋಣೆ ನೋಡಲು ಬಂದವನು ಹವಾಲ್ದಾರ ಕುದಳೆ. ನೀರು ಯಾವಾಗ ಬರುತ್ತದೆ ಎಂದು ಅವನು ಕೇಳಲಿಲ್ಲ. ಹಿಂಬಾಗಿಲಿಗೆ ಅಗಳಿ ಇದೆಯೇ, ಕಿಟಕಿಯಲ್ಲಿ ಕೈ ಹಾಕಿದರೆ ಚಿಲಕ ಸಿಗುತ್ತದೆಯೇ ಎಂದು ನೋಡಿದ.

"ಕೋಣಿ ಯಾರಿಗ್ರಿ?" ಎಂದೆ.

"ರುದ್ರವ್ವ ಅಂತ, ಮಾವಶಿ. ನಿಮ್ಮ ಕಡೇದಾಕಿನ. ಖೂನಿ ಕೇಸಿನ ಸಾಕ್ಷಿ. ಆಕಿ ಜೋಡಿ ನಾನೂ ಬಾಗಲದಾಗ ಇರ್ತೀನಿ. ಜಡ್ಜ್ ಸಾಹೇಬರ ಆರ್ಡರ್ ಅದ."

ಕುದಳೆ ಮರಾಠಿಯವ. ಯಾರ್ಡಿನ ಚೌಕಿಯಲ್ಲಿದ್ದು ನಮ್ಮ ಕನ್ನಡ ಕಲಿತಿದ್ದ. ನಮ್ಮ ಮಾತು ತಿಳಿಯುವ ಪೊಲೀಸನೆಂದರೆ ನನಗೆ ಇನ್ನಷ್ಟು ಅಂಜಿಕೆ. ಸಾಮಾನಿಗಿಂತ ಮೊದಲು ಪೊಲೀಸ ಬಂದನೆಂದರೆ ಆ ಬಾಡಿಗೆಯವಳು ಎಂಥವಳಿರಬೇಕು? ಆದರೆ ಜಡ್ಜ್ ಸಾಹೇಬರ ಹೆಸರು ಹೇಳಿದ ಮೇಲೆ ಬೇಡ ಅನ್ನಲು ನಾಲಿಗೆ ಏಳಲಿಲ್ಲ.

ಬಂದವಳು ಒಣಕಲು ಹೆಣ್ಣುಮಗಳು, ನನಗಿಂತ ಹದಿನೈದು ವರ್ಷ ಸಣ್ಣವಳು. ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಮಾಡಿ ಮಾಡಿ ಬೆರಳ ತುದಿಗಳು ಕೆಂಪಗಾಗಿದ್ದವು. ಕುದಳೆ ತಂದ ಚಹಾ ಕುಡಿಯುತ್ತಿರಲಿಲ್ಲ. ನಾನು ಕೊಟ್ಟ ಪಲ್ಯವನ್ನೂ ಮೊದಲು ನಾನು ಉಂಡದ್ದನ್ನು ನೋಡಿಯೇ ಉಣ್ಣುತ್ತಿದ್ದಳು. ಹಿಟ್ಟಿನ ಚೀಲದ ಬಾಯಿಗೆ ಉಳ್ಳಾಗಡ್ಡಿ ಗೋಣಿಗೆ ಹಾಕುವ ಗಂಟು ಹಾಕಿ ಹೊರಗೆ ಹೋಗುವಳು. ಬಂದ ಕೂಡಲೇ ಆ ಗಂಟನ್ನು ಮುಟ್ಟಿ ನೋಡುವಳು.

"ನಾ ನಿನಗ ವಿಷಾ ಹಾಕತೀನೇನ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನೀವು ಹಾಕಾಂಗಿಲ್ರಿ, ಕಲ್ಲವ್ವಕ್ಕಾ. ನಿಮ್ಮ ಕೈಲೆ ಹಾಕಸವ್ರು ಇರ್ತಾರಲ್ರಿ."

ಅಂದೇ ಎಲ್ಲ ಹೇಳಿದಳು. ಅವಳೊಂದಿಗೆ ದುಡಿಯುತ್ತಿದ್ದ ಹಮಾಲ ಧರ್ಮಣ್ಣನನ್ನು ಒಬ್ಬ ದಲಾಲಿ ಚೀಲ ಎತ್ತುವ ಕೊಕ್ಕೆಯಿಂದಲೇ ಇರಿದು ಕೊಂದಿದ್ದ. ಹಾಡಹಗಲು, ತುಂಬಿದ ಯಾರ್ಡು. ಆದರೂ ನೋಡಿದೆವು ಎಂದವರು ಕೆಲವೇ ಮಂದಿ. ಅವರೂ ಕಟಕಟೆಗೆ ಹತ್ತಿದಾಗ ಮಾತು ತಿರುಗಿಸಿದರು. ಉಳಿದವಳು ಇವಳೊಬ್ಬಳೇ. ಅದಕ್ಕೇ ಸರ್ಕಾರಿ ವಕೀಲರು ಕೇಳಿಕೊಂಡು ಕಾವಲು ಹಾಕಿಸಿದ್ದು, ಮನೆ ಬದಲಿಸಿದ್ದು.

"ನೀನೂ ನೋಡಿಲ್ಲ ಅಂದುಬಿಡು. ಜೀವಕ್ಕಿಂತ ದೊಡ್ಡದೇನದ?"

"ಬೀಳೂ ಮುಂದ ಅಂವ ನನ್ನ ಕಡೆನ ನೋಡ್ಯಾನ್ರಿ. ಹೆಂಗ ಇಲ್ಲನ್ನಲಿ?"

ಆಮೇಲೆ ನನ್ನ ಸಂಶಯ ಅವಳನ್ನು ಬಿಟ್ಟು ಕುದಳೆಯ ಮೇಲೆ ಕೂತಿತು. ಯಾರೊಂದಿಗೆ ಮಾತಾಡುತ್ತಾನೆ, ಯಾರ ಸೈಕಲ್ಲು ನಿಂತಿತು, ಎಲ್ಲ ಕಿಟಕಿಯಿಂದ ನೋಡುತ್ತಿದ್ದೆ. ಕೋರ್ಟಿನ ತಾರೀಖು ಮುಂದೆ ಮುಂದೆ ಹೋಗುತ್ತಿತ್ತು.

ಮಲ್ಲಯ್ಯನ ಹಬ್ಬ ಚಂಪಾಷಷ್ಠಿಯ ದಿನ, ಬಾಗಿಲಲ್ಲಿದ್ದ ಕುದಳೆಯನ್ನು ದಾಟಿ ಒಬ್ಬ ಮುದುಕಿ ಒಳಗೆ ಬಂದಳು. ಕೈಯಲ್ಲಿ ತಾಟು, ತಾಟಿನ ತುಂಬ ಜೇಜುರಿ ಗುಡಿಯ ಅರಿಸಿನಪುಡಿ, ಭಂಡಾರ. ರುದ್ರವ್ವ ಗೋಡೆಗೆ ಆತು ನಿಂತಳು. ಬಂದವಳು ಆ ದಲಾಲಿಯ ತಾಯಿ ಸಾವಂತ್ರವ್ವ.

"ಜಗಳಕ್ಕ ಬಂದಿಲ್ಲ, ತಂಗಿ. ಮಲ್ಲಯ್ಯನ ಭಂಡಾರ ತಂದೀನಿ. ಎತ್ತು. ಆ ದಿನ ನಾ ಏನೂ ನೋಡಿಲ್ಲ ಅನ್ನು. ಸುಮ್ಮನ ಹೊಳ್ಳಿ ಹೋಕ್ಕೀನಿ."

ಭಂಡಾರ ಎತ್ತಿ ಆಡಿದ ಮಾತೆಂದರೆ ಕೋರ್ಟಿನ ಆಣೆಯಂತಲ್ಲ. ನಮ್ಮ ಕಡೆ ಹೊಲದ ಬದುವಿನ ತಂಟೆಗಳೂ ಅದರ ಮೇಲೆಯೇ ತೀರುತ್ತಿದ್ದವು. ಆ ಮಾತು ತಪ್ಪಿದರೆ ಮನೆತನಕ್ಕೇ ಕೇಡು. ಎತ್ತಲಾರೆ ಎಂದರೆ ದೇವರಿಗೇ ಬೆನ್ನು ತೋರಿಸಿದಂತೆ. ಮುದುಕಿ ಚೂರಿ ತಂದಿದ್ದರೆ ನಾನು ಕೂಗುತ್ತಿದ್ದೆ. ಇದಕ್ಕೆ ಏನೆಂದು ಕೂಗಲಿ?

ರುದ್ರವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುಷ್ಟಿ ತುಂಬ ಭಂಡಾರ ಎತ್ತಿದಳು.

"ಜೇಜುರಿ ಮಲ್ಲಯ್ಯನ ಆಣಿ. ನಿನ್ನ ಮಗ ಧರ್ಮಣ್ಣಗ ಕೊಕ್ಕಿ ಹಾಕಿದ್ದು ನಾ ನೋಡೀನಿ. ಕೋರ್ಟಿನ್ಯಾಗೂ ಇದನ್ನ ಹೇಳತೀನಿ."

ಸಾವಂತ್ರವ್ವನ ಬಾಯಿಗೆ ಬಂದ ಶಾಪ ಬಾಯಲ್ಲೇ ನಿಂತಿತು. ತಾನೇ ತಂದ ಭಂಡಾರದ ಮೇಲೆ ಬಿದ್ದ ಮಾತನ್ನು ಸುಳ್ಳೆಂದು ಹೇಗೆ ಅಂದಾಳು? ತಾಟು ಎತ್ತಿಕೊಂಡು ಹೋದಳು. ಚೆಲ್ಲಿದ ಭಂಡಾರಕ್ಕೆ ಹೊಸ್ತಿಲೆಲ್ಲ ಹಳದಿ.

ನಾನು ಕುದಳೆಯ ಮೇಲೆ ಹರಿಹಾಯ್ದೆ. "ನೀ ಏನ ಕಾಯಾಕ ಕುಂತೀಯೋ?"

ಅವನ ಹಣೆಯ ಮೇಲೂ ಹಳದಿ ಇತ್ತು. "ಭಂಡಾರದ ತಾಟು, ಮಾವಶಿ. ಅದೂ ಇವತ್ತ. ನಿಮ್ಮ ಮಲ್ಲಯ್ಯನ ನಮ್ಮ ಖಂಡೋಬಾ. ನಾನೂ ಆತನ ಒಕ್ಕಲದವ. ಹೆಂಗ ತಡೀಲಿ?"

ತಾಟು ಕಂಡು ಬಿಟ್ಟನೋ, ಬಿಡಲು ತಾಟು ನೆಪವಾಯಿತೋ? ಆ ಮುದುಕಿಗೆ ನಮ್ಮ ಮನೆ ತೋರಿಸಿದವರು ಯಾರು? ಇಂದಿಗೂ ನನಗೆ ತಿಳಿಯದು. ರುದ್ರವ್ವ ಮಾತ್ರ ಹೊಸ್ತಿಲು ಒರೆಸುತ್ತ, "ಒಂದು ಛಲೋ ಆತ್ರಿ. ಇನ್ನ ಅಂಜಿ ಮಾತು ತಿರಗಸಬೇಕಂದ್ರೂ ತಿರಗಸಾಕ ಬರಾಂಗಿಲ್ಲ" ಎಂದಳು.

ಸಾಕ್ಷಿಯ ದಿನ ನಾನೂ ಹೋಗಿದ್ದೆ. ಅವಳು ನೋಡಿದ್ದನ್ನು ನೋಡಿದಂತೆ ಹೇಳಿದಳು. ದಲಾಲಿಯ ವಕೀಲ, "ಈಗ ಎಲ್ಲಿ ಇರುತ್ತೀರಿ?" ಎಂದು ಮೆತ್ತಗೆ ಕೇಳಿದ. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂದು ಜಡ್ಜ್ ಸಾಹೇಬರು ತಡೆದರು. ಮುದುಕಿ ಆಗಲೇ ನಮ್ಮ ಹೊಸ್ತಿಲು ತುಳಿದಿದ್ದರೂ, ಅಷ್ಟಾದರೂ ಆಯಿತೆಂದು ನನಗೆ ಸಮಾಧಾನ.

ಸಂಜೆ ಕುದಳೆ ತನ್ನ ಹಾಸಿಗೆ ಸುತ್ತಿಕೊಂಡ. "ಸಾಕ್ಷಿ ಆಗೂತನಕ ಬಂದೋಬಸ್ತ್, ಮಾವಶಿ. ಆರ್ಡರ್ ಹಂಗ ಅದ."

"ಸಾಕ್ಷಿ ಮುಗೀತು. ಅವರ ಸಿಟ್ಟೂ ಮುಗೀತೇನ?"

ಅವನು ಹಾಸಿಗೆಯನ್ನು ಹೆಗಲಿಗೇರಿಸಿ ಹೊರಟ. ತೀರ್ಪು ಆಮೇಲೆ ಬಂತು, ಶಿಕ್ಷೆಯೂ ಆಯಿತು. ಅದನ್ನು ಕೇಳಲು ರುದ್ರವ್ವ ಇಲ್ಲಿರಲಿಲ್ಲ.

ಸಾಕ್ಷಿ ಹೇಳಿದ ಮರುದಿನ ಬೆಳಿಗ್ಗೆಯೇ ಅವಳು ಗಂಟು ಕಟ್ಟಿದ್ದಳು. ಸ್ವಾರಗೇಟಿನ ಬಸ್ ನಿಲ್ದಾಣದವರೆಗೆ ನಾನೂ ಹೋದೆ. ವಿಜಾಪುರದ್ದು, ಸೊಲ್ಲಾಪುರದ್ದು, ಕೊಲ್ಹಾಪುರದ್ದು, ಬಸ್ಸುಗಳು ಸಾಲಾಗಿ ನಿಂತಿದ್ದವು. ಯಾವ ಊರಿಗೆ ಎಂದು ಕೇಳಿದೆ. "ಅದನ್ನ ಕೇಳಬ್ಯಾಡ್ರಿ" ಎಂದಳು.

"ನನ್ನ ಮ್ಯಾಲೂ ಸಂಶೇ ಏನ, ರುದ್ರವ್ವ?"

"ನಿಮ್ಮ ಮ್ಯಾಲೆ ಅಲ್ರಿ ಅಕ್ಕಾ. ನಾಳೆ ಸಾವಂತ್ರವ್ವ ನಿಮ್ಮ ಮುಂದೂ ತಾಟು ಹಿಡೀತಾಳ. ಭಂಡಾರ ಎತ್ತಿ 'ನನಗ ಗೊತ್ತಿಲ್ಲ' ಅನ್ನಾಕ ನಿಮಗ ಬರಬೇಕಲ್ರಿ." ಗಂಟನ್ನು ತಲೆಯ ಮೇಲೆ ಇಟ್ಟುಕೊಂಡಳು. "ಒಂದಿಷ್ಟು ಗ್ವಾಡಿ ಕಡೆ ಮಾರಿ ಮಾಡಿ ನಿಂದರ್ರಿ. ನಾ ಬಸ್ ಹತ್ತಿ ಹೋಗೂತನಕ ತಿರುಗಿ ನೋಡಬ್ಯಾಡ್ರಿ."